ಸಾರನಾಥದ ಛಾಯಾಚಿತ್ರಗಳು: ಹೊಸ ಸಲಕರಣೆ, ಹಳೆಯ ರೂಢಿ

ಪುರಾತತ್ತ್ವ ವರದಿಗಳಲ್ಲಿ ಅಚ್ಚಾದ ಛಾಯಾಚಿತ್ರಗಳನ್ನು ನಾವು ಸಾಮಾನ್ಯವಾಗಿ ಆಧಾರವೆಂದು ಬಳಸುತ್ತೇವೆಯೇ ಹೊರತು ಅವನ್ನೇ ಒಂದು ಚಾರಿತ್ರಿಕ ಸಂಗತಿಯೆಂದು ಪರಿಶೀಲಿಸುವುದು ಕಡಿಮೆ. ಶಿಲ್ಪದ ಎತ್ತರವೆಷ್ಟು, ಶಾಸನದ ಎಷ್ಟನೆಯ ಸಾಲು ಸವೆದಿದೆ ಎಂಬುದನ್ನು ನೋಡಿಕೊಂಡು ಪುಟ ತಿರುಗಿಸುತ್ತೇವೆ. ಆ ಚಿತ್ರವನ್ನು ತೆಗೆದವನು ಎಲ್ಲಿ ನಿಂತಿದ್ದ, ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು, ಅವನ ಕೈಯಲ್ಲಿ ಯಾವ ಬಗೆಯ ಕ್ಯಾಮರಾ ಇತ್ತು, ಅದಕ್ಕೆ ಮುನ್ನ ಅವನ ಕೈ ಯಾವ ಸಲಕರಣೆಗೆ ಒಗ್ಗಿತ್ತು ಎಂಬ ಪ್ರಶ್ನೆಗಳು ಏಳುವುದಿಲ್ಲ. ಪ್ರಸ್ತುತ ಬರೆಹದಲ್ಲಿ ಸಾರನಾಥವನ್ನು ನಿಮಿತ್ತವಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ಕೇಳುವುದು ನಮ್ಮ ಉದ್ದೇಶ. ಕರ್ನಾಟಕದ ಹೊರಗೆ ಕುಳಿತು ಕನ್ನಡ ನಾಡಿನ ದೇವಾಲಯ, ಶಾಸನ, ವೀರಗಲ್ಲುಗಳ ಬಗ್ಗೆ ಕೆಲಸ ಮಾಡುವವರಿಗೆ ಈ ವಿಚಾರ ಬರಿಯ ಕುತೂಹಲದ್ದಲ್ಲ. ಅವರಲ್ಲಿ ಬಹುಮಂದಿಗೆ ಕಲ್ಲಿಗಿಂತ ಮೊದಲು ಸಿಗುವುದು ಕಲ್ಲಿನ ಚಿತ್ರ. ಕೆಲವೊಮ್ಮೆ ಕಲ್ಲು ಸಿಗುವುದೇ ಇಲ್ಲ.

ಸಾರನಾಥದ ಅಗೆತದ ಕಥೆ ಕ್ಯಾಮರಾಕ್ಕಿಂತ ಹಳೆಯದು. ೧೭೯೪ರಲ್ಲಿ ಕಾಶಿಯ ಜಗತ್‌ಸಿಂಗನ ಕಡೆಯವರು ಕಟ್ಟಡದ ಸಾಮಗ್ರಿಗಾಗಿ ಅಲ್ಲಿನ ಇಟ್ಟಿಗೆಯ ಸ್ತೂಪವನ್ನು ಬಿಚ್ಚಿದರು. ಒಳಗೆ ಸಿಕ್ಕಿದ ಧಾತುಕರಂಡಕದ ಸುದ್ದಿಯನ್ನು ಜೊನಾಥನ್ ಡಂಕನ್ ಬರೆದು ಪ್ರಕಟಿಸಿದ. ಧರ್ಮರಾಜಿಕವೆಂದು ಈಗ ಕರೆಯುವ ಆ ಸ್ತೂಪ ಬಿಚ್ಚುವುದಕ್ಕೆ ಮುನ್ನ ಹೇಗಿತ್ತೆಂಬುದಕ್ಕೆ ಚಿತ್ರವಿಲ್ಲ. ೧೮೩೫-೩೬ರಲ್ಲಿ ಕನಿಂಗ್‌ಹ್ಯಾಮ್ ಧಮೇಕ್ ಸ್ತೂಪದ ನಡುವೆ ಮೇಲಿನಿಂದ ಬಾವಿಯಂತೆ ತೋಡಿಸಿದಾಗ ಯೂರೋಪಿನಲ್ಲಿಯೇ ಛಾಯಾಗ್ರಹಣ ಇನ್ನೂ ಪ್ರಯೋಗದ ಹಂತದಲ್ಲಿತ್ತು. ಆದರೆ ೧೮೫೧-೫೨ರಲ್ಲಿ ಮೇಜರ್ ಕಿಟ್ಟೊ ಅಲ್ಲಿ ಅಗೆಸಿದಾಗ ಆ ಮಾತು ಹೇಳುವಂತಿಲ್ಲ. ಕ್ಯಾಮರಾ ಆಗಲೇ ಭಾರತಕ್ಕೆ ಬಂದಿತ್ತು. ಕಿಟ್ಟೊ ಮಾತ್ರ ಪೆನ್ಸಿಲು ಹಿಡಿದ ಕೈಯವನು, ಬನಾರಸಿನ ಕ್ವೀನ್ಸ್ ಕಾಲೇಜಿನ ಕಟ್ಟಡವನ್ನು ರೂಪಿಸಿದ ವಾಸ್ತುಶಿಲ್ಪಿ. ತನಗೆ ಗೊತ್ತಿದ್ದ ರೀತಿಯಲ್ಲಿಯೇ ಆತ ಬಿಡಿಸಿಟ್ಟ. ೧೮೫೩ರಲ್ಲಿ ಆತ ತೀರಿಕೊಂಡುದರಿಂದ ಪೂರ್ಣ ವರದಿಯೂ ಬರಲಿಲ್ಲ.

ಇಲ್ಲಿ ಕನ್ನಡ ನಾಡಿನ ಕಡೆ ತಿರುಗಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಸಾರನಾಥದ ಅಗೆತವನ್ನು ಛಾಯಾಚಿತ್ರಗಳ ಮೂಲಕ ವಿಸ್ತಾರವಾಗಿ ತೋರಿಸಿದ ವರದಿಗಾಗಿ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಕಾಯಬೇಕಾಯಿತು. ಹಳೇಬೀಡು ಬೇಲೂರುಗಳಿಗೆ ಲಿನಿಯಸ್ ಟ್ರೈಪ್ ೧೮೫೪ರ ಡಿಸೆಂಬರಿನಲ್ಲಿಯೇ ಕ್ಯಾಮರಾ ಹೊತ್ತು ಹೋಗಿದ್ದ. ೧೮೫೫ರಲ್ಲಿ ಥಾಮಸ್ ಬಿಗ್ಸ್ ಬಿಜಾಪುರ, ಐಹೊಳೆ, ಬಾದಾಮಿಗಳನ್ನು ತೆಗೆದ. ಅವನ ತರುವಾಯ ವೈದ್ಯರಾಗಿದ್ದ ಪಿಗೊ ಮತ್ತು ನೀಲ್ ಆ ಕೆಲಸ ಮುಂದುವರಿಸಿದರು. ಇವರ ಚಿತ್ರಗಳು ೧೮೬೬ರಲ್ಲಿ ಮೆಡೋಸ್ ಟೇಲರ್ ಮತ್ತು ಫರ್ಗುಸನ್ನರ ಬರೆಹದೊಡನೆ ಧಾರವಾಡ-ಮೈಸೂರು ಸೀಮೆಯ ವಾಸ್ತುವನ್ನು ಕುರಿತ ದೊಡ್ಡ ಗ್ರಂಥವಾಗಿ ಹೊರಬಂದವು. ೧೮೫೬ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಹಂಪೆಯಲ್ಲಿ ಮೇಣ ಹಿಡಿಸಿದ ಕಾಗದದ ಮೇಲೆ ಬಲು ದೊಡ್ಡ ಅಳತೆಯ ನೆಗೆಟಿವ್‌ಗಳನ್ನು ಮಾಡಿದ. ಪುರಾತನ ಕಟ್ಟಡಗಳನ್ನು ದಾಖಲಿಸಲು ಚಿತ್ರಕಾರರಿಗೆ ಬದಲಾಗಿ ಕ್ಯಾಮರಾವನ್ನು ಬಳಸಬೇಕೆಂಬ ಒಲವು ಕಂಪೆನಿ ಸರಕಾರಕ್ಕೆ ಬಂದದ್ದೂ ೧೮೫೦ರ ದಶಕದ ಆ ನಡುಗಾಲದಲ್ಲಿಯೇ. ಕುಂಚದವರಿಗಿಂತ ಕ್ಯಾಮರಾ ಅಗ್ಗ, ವೇಗ ಮತ್ತು ನಂಬಲರ್ಹ ಎಂಬುದು ಅದರ ಹಿಂದಿನ ಎಣಿಕೆ.

ಸಲಕರಣೆ ಬದಲಾಯಿತೆಂದ ಮಾತ್ರಕ್ಕೆ ನೋಟ ಬದಲಾಗಲಿಲ್ಲ. ಗ್ರೀನ್‌ಲಾನ ಹಂಪೆಯ ಚಿತ್ರಗಳನ್ನು ಸಾವಧಾನವಾಗಿ ನೋಡಿದರೆ, ಅರ್ಧ ಶತಮಾನ ಹಿಂದೆ ಡೇನಿಯಲ್ ಬಂಧುಗಳು ಭಾರತದ ಕಟ್ಟಡಗಳನ್ನು ಬಿಡಿಸಿದ ಕ್ರಮವೇ ಅಲ್ಲಿ ಮುಂದುವರಿದಂತೆ ತೋರುತ್ತದೆ: ಕಟ್ಟಡವನ್ನು ಮೂಲೆಯಿಂದ ಹಿಡಿಯುವುದು, ಮುಂದೆ ಒಂದಿಷ್ಟು ಬಂಡೆ, ಹಿಂದೆ ಬೆಟ್ಟ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕ್ಯಾಮರಾ ತಾನಾಗಿ ಮಾಡಿದ ಬದಲಾವಣೆಗಳೂ ಇದ್ದವು, ಅವು ಯಾರೂ ಬಯಸದೆ ಬಂದವು. ಮೇಣಗಾಗದಕ್ಕೆ ಬೆಳಕು ತಾಗಿಸಲು ನಿಮಿಷಗಟ್ಟಲೆ ಬೇಕು. ಅಷ್ಟು ಹೊತ್ತಿನಲ್ಲಿ ನಡೆದುಹೋದ ಮನುಷ್ಯ ಚಿತ್ರದಲ್ಲಿ ಉಳಿಯುವುದಿಲ್ಲ. ಹಂಪೆ ನಿರ್ಜನವಾಗಿತ್ತೆಂದು ಆ ಚಿತ್ರಗಳಿಂದ ತೀರ್ಮಾನಿಸುವುದು ಸರಿಯಲ್ಲ. ಅಂಥ ತೀರ್ಮಾನಗಳನ್ನು ನಾವು ಓದಿದ್ದೇವೆ, ಒಮ್ಮೆ ನಾವೇ ಮಾಡಿದ್ದೂ ಉಂಟು.

೧೮೫೧ರಲ್ಲಿ ಸ್ಕಾಟ್ ಆರ್ಚರ್ ಪ್ರಕಟಿಸಿದ ಹಸಿ ಫಲಕದ ವಿಧಾನ ಕಾಗದವನ್ನು ಹಿಂದೆ ತಳ್ಳಿತು. ಗಾಜಿಗೆ ಲೇಪ ಹಚ್ಚಿ, ಅದು ಹಸಿಯಿರುವಾಗಲೇ ಚಿತ್ರ ತೆಗೆದು, ಹಸಿಯಿರುವಾಗಲೇ ತೊಳೆಯಬೇಕು. ಕತ್ತಲೆಯ ಡೇರೆ, ರಸಾಯನಗಳ ಶೀಸೆ, ನೀರು, ಗಾಜಿನ ಪೆಟ್ಟಿಗೆ, ಹೊರುವ ಆಳುಗಳು ಎಲ್ಲವೂ ಜೊತೆಗಿರಬೇಕು. ಉತ್ತರ ಭಾರತದ ಬೇಸಗೆಯಲ್ಲಿ ಲೇಪ ಒಣಗುವ ವೇಗವನ್ನು ಬಲ್ಲವರಿಗೆ ಇದರ ಕಷ್ಟ ತಿಳಿಯುತ್ತದೆ. ಇಂಥ ಕೆಲಸಗಾರ ಒಂದು ಸ್ಮಾರಕಕ್ಕೆ ಒಂದೋ ಎರಡೋ ನಿಲುವನ್ನು ಮಾತ್ರ ಆರಿಸಿಕೊಳ್ಳುತ್ತಾನೆ, ಆರಿಸುವ ಮೊದಲು ಬಹಳ ಹೊತ್ತು ನೋಡುತ್ತಾನೆ. ‘ಒಂದು ಸ್ಮಾರಕ, ಒಂದು ಚಿತ್ರ’ ಎಂಬ ರೂಢಿ ಹುಟ್ಟಿದ್ದು ಈ ಕಷ್ಟದಲ್ಲಿ. ಕಷ್ಟ ಹೋದ ಮೇಲೂ ರೂಢಿ ಉಳಿಯಿತು ಎಂಬುದನ್ನು ಸಾರನಾಥದ ದಾಖಲೆ ಚೆನ್ನಾಗಿ ತೋರಿಸುತ್ತದೆ.

೧೯೦೪-೦೫ರಲ್ಲಿ ಸಾರನಾಥವನ್ನು ಅಗೆದವನು ಬನಾರಸಿನ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಎಫ್. ಓ. ಓರ್ಟೆಲ್. ಜರ್ಮನಿಯಲ್ಲಿ ಹುಟ್ಟಿ ರೂರ್ಕಿಯಲ್ಲಿ ಕಲಿತ ಈತ ೧೮೯೨ರಲ್ಲಿ ಬರ್ಮಾ ಪ್ರವಾಸ ಮಾಡಿ ಅಲ್ಲಿನ ಸ್ಮಾರಕಗಳ ಬಗ್ಗೆ ಛಾಯಾಚಿತ್ರಸಹಿತವಾದ ಟಿಪ್ಪಣಿಯನ್ನು ಪ್ರಕಟಿಸಿದ್ದ. ಕ್ಯಾಮರಾ ಅವನಿಗೆ ಹೊಸದಲ್ಲ. ಒಂದೇ ಋತುವಿನಲ್ಲಿ ಅವನಿಗೆ ಸಿಕ್ಕಿದ್ದು ಅಪಾರ: ಅಶೋಕನ ಕಂಬ, ಅದರ ಮೇಲಿನ ಸಂಘಭೇದ ವಿರೋಧಿ ಶಾಸನ, ೧೯೦೫ರ ಮಾರ್ಚಿನಲ್ಲಿ ಸಿಂಹಶೀರ್ಷಿಕೆ, ಕನಿಷ್ಕನ ಮೂರನೆಯ ವರ್ಷದ ಶಾಸನವುಳ್ಳ ಭಿಕ್ಷು ಬಲನ ಬೋಧಿಸತ್ತ್ವ, ಗುಪ್ತರ ಕಾಲದ ಧರ್ಮೋಪದೇಶದ ಬುದ್ಧ. ಆ ಹೊತ್ತಿಗೆ ಕೈಯಲ್ಲಿ ಹಿಡಿಯುವ ಕ್ಯಾಮರಾ, ಸುರುಳಿ ಫಿಲ್ಮು ಬಂದು ಹದಿನೈದು ವರ್ಷಗಳ ಮೇಲಾಗಿತ್ತು. ಆದರೂ ಪುರಾತತ್ತ್ವ ಇಲಾಖೆಯ ಕೆಲಸ ಮೂರು ಕಾಲಿನ ಸ್ಟ್ಯಾಂಡು, ಕರಿ ಬಟ್ಟೆ, ಗಾಜಿನ ಒಣ ಫಲಕಗಳಲ್ಲಿಯೇ ನಡೆಯಿತು. ೧೯೦೬ರಿಂದ ಮಾರ್ಷಲ್ ಮತ್ತು ಸ್ಟೆನ್ ಕೊನೋ ಅಲ್ಲಿ ಅಗೆಸಿದಾಗಲೂ, ೧೯೧೪-೧೫ರಲ್ಲಿ ಹಾರ್ಗ್ರೀವ್ಸ್ ಮುಂದುವರಿಸಿದಾಗಲೂ ಅದೇ.

ಇದನ್ನು ಸರಕಾರಿ ಜಡತೆಯೆಂದು ತಳ್ಳಿಹಾಕುವವರಿದ್ದಾರೆ. ನಾವು ಒಪ್ಪುವುದಿಲ್ಲ. ಧಮೇಕ್ ಸ್ತೂಪ ತಳಹದಿ ಸೇರಿ ಸುಮಾರು ೪೩.೬ ಮೀಟರ್ ಎತ್ತರದ್ದು, ಬುಡದಲ್ಲಿ ೨೮.೫ ಮೀಟರ್ ಅಗಲದ್ದು. ಹತ್ತಿರ ನಿಂತು ಕೈಕ್ಯಾಮರಾವನ್ನು ಮೇಲಕ್ಕೆ ಎತ್ತಿ ಹಿಡಿದರೆ ಅದರ ಅಂಚುಗಳು ಮೇಲೆ ಹೋದಂತೆ ಒಳಕ್ಕೆ ವಾಲಿ, ದುಂಡು ಗೋಪುರ ಹಿಂದಕ್ಕೆ ಬೀಳುವಂತೆ ಕಾಣುತ್ತದೆ. ಹಳೆಯ ಸ್ಟ್ಯಾಂಡಿನ ಕ್ಯಾಮರಾದಲ್ಲಿ ಫಲಕವನ್ನು ನೆಟ್ಟಗೆ ಇಟ್ಟುಕೊಂಡೇ ಲೆನ್ಸನ್ನು ಮಾತ್ರ ಮೇಲಕ್ಕೆ ಸರಿಸುವ ಅನುಕೂಲವಿತ್ತು. ನೆಟ್ಟಗಿನ ಗೋಡೆ ನೆಟ್ಟಗೆ ಬರುತ್ತಿತ್ತು. ಅಲ್ಲದೆ ದೊಡ್ಡ ಗಾಜಿನ ಫಲಕವನ್ನು ಹಿಗ್ಗಿಸದೆಯೇ ಕಾಗದಕ್ಕೆ ಒತ್ತಿ ಪ್ರತಿ ತೆಗೆಯಬಹುದಾದ್ದರಿಂದ ಕೆತ್ತನೆಯ ಸೂಕ್ಷ್ಮಗಳು ಉಳಿಯುತ್ತಿದ್ದವು. ಕರಿ ಬಟ್ಟೆಯೊಳಗೆ ತಲೆಯಿಟ್ಟು ಮಬ್ಬುಗಾಜಿನ ಮೇಲೆ ತಲೆಕೆಳಗಾದ ಬಿಂಬವನ್ನು ನೋಡಿ ನೋಡಿ ಪಳಗಿದವರು ಆ ಅಭ್ಯಾಸದಿಂದ ಚೌಕಟ್ಟಿನ ಅಂಚುಗಳನ್ನು ಗಮನಿಸುವುದನ್ನು ಕಲಿಯುತ್ತಿದ್ದರು. ತಲೆಕೆಳಗಾದ ಬಿಂಬದಲ್ಲಿ ಬುದ್ಧನ ಮುಖ ಸೆಳೆಯುವುದಿಲ್ಲ, ಆಕಾರಗಳ ಹಂಚಿಕೆ ಮಾತ್ರ ಕಾಣುತ್ತದೆ.

ಆ ಫಲಕಗಳ ಇನ್ನೊಂದು ಗುಣ ಸಂಶೋಧಕರನ್ನು ದಾರಿ ತಪ್ಪಿಸಬಲ್ಲದು. ಆರಂಭದ ಲೇಪಗಳು ನೀಲಿ ಬೆಳಕಿಗೆ ಮಾತ್ರ ಸ್ಪಂದಿಸುತ್ತಿದ್ದವು. ಕೆಂಪು ಅವುಗಳ ಪಾಲಿಗೆ ಕತ್ತಲೆ. ನೀಲಿಯ ಆಕಾಶ ಬರಿಯ ಬಿಳಿಯಾಗಿ, ಕೆಂಪಿಟ್ಟಿಗೆ ಕರಿದಾಗಿ ಬರುತ್ತಿತ್ತು. ೧೮೭೩ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಲೇಪಕ್ಕೆ ಬಣ್ಣ ಬೆರೆಸಿ ಅದರ ಗ್ರಹಣಶಕ್ತಿಯನ್ನು ಹಸಿರಿನವರೆಗೆ ಹಿಗ್ಗಿಸಿದ. (ಸಾರನಾಥದ ಶಾಸನಗಳನ್ನು ಸಂಪಾದಿಸಿದ ಜೆ. ಫಿಲಿಪ್ ಫೋಗೆಲ್ ಬೇರೆ, ಹಾಲೆಂಡಿನವರು. ಇಬ್ಬರನ್ನು ಒಬ್ಬರೆಂದು ಭಾವಿಸಿದ ವಿದ್ಯಾರ್ಥಿಯೊಬ್ಬರ ಪ್ರಬಂಧವನ್ನು ತಿದ್ದುವ ಸಂದರ್ಭ ನಮಗೆ ಬಂದಿತ್ತು.) ಕೆಂಪನ್ನೂ ಗ್ರಹಿಸುವ ಫಲಕಗಳು ಮಾರುಕಟ್ಟೆಗೆ ಬಂದದ್ದು ೧೯೦೬ರ ಹೊತ್ತಿಗೆ. ಸಾರನಾಥದಲ್ಲಿ ಇದರ ಪರಿಣಾಮವೇನು? ಚುನಾರಿನ ನಸುಹಳದಿ ಕಲ್ಲು, ಧರ್ಮರಾಜಿಕದ ಕೆಂಪಿಟ್ಟಿಗೆ, ಭಿಕ್ಷು ಬಲನ ಬೋಧಿಸತ್ತ್ವದ ಮಥುರೆಯ ಕೆಂಗಲ್ಲು ಮೂರೂ ಅಲ್ಲಿವೆ. ಮಥುರೆಯ ಕಲ್ಲಿನ ಮೇಲಿನ ಬಿಳಿಯ ಚುಕ್ಕೆಗಳು ಇಂಥ ಫಲಕದಲ್ಲಿ ಉಬ್ಬುಗಳಂತೆಯೋ ಕಲೆಗಳಂತೆಯೋ ಎದ್ದು ತೋರುತ್ತವೆ. ಹಳೆಯ ಚಿತ್ರಪಟವನ್ನು ನೋಡಿ ‘ಕಪ್ಪು ಕಲ್ಲು’ ಎಂದು ಬರೆಯುವ ಮುನ್ನ ಫಲಕದ ಕಾಲವನ್ನು ವಿಚಾರಿಸಬೇಕಾಗುತ್ತದೆ. ಬಾದಾಮಿಯ ಕೆಂಪು ಮರಳುಗಲ್ಲಿನ ಹಳೆಯ ಚಿತ್ರಗಳಿಗೂ ಈ ಮಾತು ಸಲ್ಲುತ್ತದೆ.

ಸಿಂಹಶೀರ್ಷಿಕೆಯ ಚಿತ್ರಗಳು ಪ್ರತ್ಯೇಕ ವಿಚಾರಣೆಗೆ ಅರ್ಹವಾಗಿವೆ. ಓರ್ಟೆಲನ ಅಗೆತದ ಕಾಲದ ಒಂದು ಚಿತ್ರದಲ್ಲಿ ಅದು ಸಿಕ್ಕಿದ ಸ್ಥಳದಲ್ಲಿಯೇ ಮಣ್ಣಿನ ನಡುವೆ ಬಿದ್ದಿದೆ. ಅದು ಏನು, ಯಾವ ಕಡೆ ಅದರ ಮುಖ ಎಂಬ ತೀರ್ಮಾನ ಇನ್ನೂ ಆಗಿರದ ಗಳಿಗೆ ಅದು. ೧೯೧೦ರಲ್ಲಿ ಸಾರನಾಥದ ಸಂಗ್ರಹಾಲಯದ ಕಟ್ಟಡ ಮುಗಿದು, ೧೯೧೪ರಲ್ಲಿ ದಯಾರಾಮ್ ಸಾಹ್ನಿಯವರ ಸೂಚಿ ಹೊರಬಂದ ಮೇಲೆ ನಾವು ಕಾಣುವ ಚಿತ್ರ ಬೇರೆ: ನೆಟ್ಟಗೆ ನಿಂತ, ಎದುರಿನಿಂದ ತೆಗೆದ, ಮೂರು ಸಿಂಹಗಳ ನೋಟ. ಬೆನ್ನಿಗೆ ಬೆನ್ನು ಕೊಟ್ಟು ನಿಂತ ನಾಲ್ಕು ಸಿಂಹಗಳ ಶಿಲ್ಪಕ್ಕೆ ‘ಎದುರು’ ಎಂಬುದಿಲ್ಲ. ಅದನ್ನು ಮಾಡಿದ್ದೇ ನಾಲ್ಕು ದಿಕ್ಕಿಗೆ ನೋಡಲೆಂದು. ಅದರ ಪೀಠದ ಸುತ್ತ ಆನೆ, ಎತ್ತು, ಕುದುರೆ, ಸಿಂಹ ನಾಲ್ಕೂ ಒಂದರ ಹಿಂದೊಂದು ನಡೆಯುತ್ತಿವೆ, ನಡುನಡುವೆ ಚಕ್ರಗಳಿವೆ. ಒಂದು ಫಲಕದಲ್ಲಿ ಒಂದು ವಸ್ತುವನ್ನು ಮುಗಿಸುವ ರೂಢಿಯಿಂದ ಕ್ಯಾಮರಾದವರು ಅದಕ್ಕೊಂದು ಮುಖವನ್ನು ಕೊಟ್ಟರು. ೧೯೫೦ರ ಜನವರಿ ೨೬ರಂದು ಅಂಗೀಕೃತವಾದ ರಾಷ್ಟ್ರಲಾಂಛನದಲ್ಲಿಯೂ ಮೂರು ಸಿಂಹಗಳು, ಎಡಕ್ಕೆ ಕುದುರೆ, ಬಲಕ್ಕೆ ಎತ್ತು ಮಾತ್ರ ಕಾಣುತ್ತವೆ. ಸಮತಟ್ಟಾದ ಲಾಂಛನಕ್ಕೆ ಅದು ಅನಿವಾರ್ಯ. ಛಾಯಾಚಿತ್ರದಿಂದಲೇ ಹಾಗಾಯಿತೆಂದು ನಾವು ಹೇಳುತ್ತಿಲ್ಲ. ಆದರೆ ಸಿಂಹಗಳ ಮೇಲೆ ಇನ್ನೊಂದು ದೊಡ್ಡ ಚಕ್ರವಿತ್ತೆಂಬುದು, ಅದರ ತುಣುಕುಗಳು ಅಲ್ಲಿಯೇ ಸಿಕ್ಕಿವೆಯೆಂಬುದು, ಸಂಗ್ರಹಾಲಯಕ್ಕೆ ಹೋಗಿ ಬಂದವರಲ್ಲಿಯೂ ಹೆಚ್ಚಿನವರಿಗೆ ತಿಳಿದಿಲ್ಲ. ಆನೆಯ ಪಾರ್ಶ್ವದ ಚಿತ್ರ ಬೇಕೆಂದು ನಾವು ಹುಡುಕಿದಾಗ, ಎದುರಿನ ನೋಟದ ಹತ್ತಾರು ಪ್ರತಿಗಳ ನಂತರ ಒಂದು ದೊರೆಯಿತು.

ಮಾರ್ಟಿಮರ್ ವೀಲರ್ ೧೯೪೪ರಲ್ಲಿ ಸರ್ವೇಕ್ಷಣ ಇಲಾಖೆಯ ಮುಖ್ಯಸ್ಥರಾಗಿ ಬಂದು ತಕ್ಷಶಿಲೆಯಲ್ಲಿ ತರುಣರಿಗೆ ತರಬೇತಿ ನೀಡಿದಾಗ ಛಾಯಾಗ್ರಹಣವೂ ಅದರಲ್ಲಿ ಸೇರಿತ್ತು. ಚಿತ್ರ ತೆಗೆಯುವ ಮುನ್ನ ಗುಂಡಿಯ ಅಂಚುಗಳನ್ನು ಸವರಿ ಗುಡಿಸಬೇಕು, ಅಳತೆಯ ಕೋಲನ್ನು ನೆಟ್ಟಗೆ ಇಡಬೇಕು, ಮಣ್ಣಿನ ಪದರಗಳು ಓದಲು ಬರುವಂತಿರಬೇಕು. ೧೯೪೭ರಲ್ಲಿ ನಮ್ಮ ಬ್ರಹ್ಮಗಿರಿಯ ಅಗೆತದಲ್ಲಿ ಈ ಶಿಸ್ತು ಕನ್ನಡ ನೆಲಕ್ಕೆ ಬಂತು. ಅದಕ್ಕೆ ಮೊದಲೇ ಅಲ್ಲಿ ಅಗೆಸಿದ್ದ ಎಂ. ಎಚ್. ಕೃಷ್ಣ ಅವರ ಮೈಸೂರು ವರದಿಗಳ ಚಿತ್ರಗಳೊಡನೆ ಇವನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟ. ಓರ್ಟೆಲನ ಕಾಲದಲ್ಲಿ ಅಳತೆಗೆಂದು ನಿಲ್ಲಿಸುತ್ತಿದ್ದ ಮನುಷ್ಯನ ಜಾಗಕ್ಕೆ ಕೋಲು ಬಂತು. ನಷ್ಟವೂ ಆಯಿತೆನ್ನಬೇಕು. ಹಳೆಯ ಚಿತ್ರಗಳಲ್ಲಿ ಹಾಗೆ ನಿಂತ ಹೆಸರಿಲ್ಲದ ಕೆಲಸಗಾರರ ಉಡುಗೆ, ಗುದ್ದಲಿ, ಬುಟ್ಟಿಗಳೂ ಈಗ ನಮಗೆ ಚರಿತ್ರೆ.

ಕಾಶಿಗೂ ಕನ್ನಡ ನಾಡಿನ ಚಿತ್ರಗಳಿಗೂ ಇನ್ನೊಂದು ನಂಟಿದೆ. ೧೯೬೫ರಲ್ಲಿ ಸ್ಥಾಪಿತವಾದ ಅಮೆರಿಕನ್ ಅಕಾಡೆಮಿ ಆಫ್ ಬನಾರಸ್ ಮುಂದೆ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸಿನ ಕಲೆ ಮತ್ತು ಪುರಾತತ್ತ್ವ ಕೇಂದ್ರವಾಗಿ ಗಂಗೆಯ ಆಚೆ ದಡದ ರಾಮನಗರದಲ್ಲಿ ಕೆಲಸ ಮಾಡಿತು. ಅಲ್ಲಿಂದ ಹೊರಟ ತಂಡಗಳು ಕರ್ನಾಟಕದ ದೇವಾಲಯಗಳನ್ನು ಊರೂರು ಸುತ್ತಿ ಕಪ್ಪು-ಬಿಳುಪಿನಲ್ಲಿ ದಾಖಲಿಸಿದವು. ಮಧುಸೂದನ ಢಾಕಿ ಮತ್ತು ಮೈಕೆಲ್ ಮೈಸ್ಟರ್ ಅವರ ಭಾರತೀಯ ದೇವಾಲಯ ವಾಸ್ತುಕೋಶದಲ್ಲಿ ಕರ್ನಾಟಕಕ್ಕೆ ಸಂಬಂಧಿಸಿದ ಸಂಪುಟಗಳು (೧೯೮೬, ೧೯೯೬) ಈ ಸಂಗ್ರಹವನ್ನು ಆಧರಿಸಿವೆ. ಸಂಗ್ರಹ ತರುವಾಯ ಗುರುಗ್ರಾಮಕ್ಕೆ ಹೋಯಿತು. ಅದರ ಗುಣ ಒಂದು ಚಿತ್ರದ ಚೆಲುವಿನಲ್ಲಿಲ್ಲ, ಕ್ರಮದಲ್ಲಿದೆ: ಅಧಿಷ್ಠಾನ, ಭಿತ್ತಿ, ಕಂಬ, ಬಾಗಿಲುವಾಡ, ಒಳಮಾಳಿಗೆ ಎಂದು ಭಾಗ ಭಾಗವಾಗಿ ಹಿಡಿಯುವುದು. ‘ಒಂದು ಸ್ಮಾರಕ, ಒಂದು ಚಿತ್ರ’ ಎಂಬ ಹಳೆಯ ರೂಢಿಯನ್ನು ಮುರಿಯಲು ಹೊಸ ಕ್ಯಾಮರಾ ಸಾಲಲಿಲ್ಲ, ಹೊಸ ಪ್ರಶ್ನೆ ಬೇಕಾಯಿತು. ಕಂಬದ ಬೋದಿಗೆಯ ಕಾಲನಿರ್ಣಯ ಮಾಡಬೇಕಾದವರಿಗೆ ಗೋಪುರದ ನೋಟದಿಂದ ಪ್ರಯೋಜನವಿಲ್ಲ.

ಇನ್ನು ನಮ್ಮ ಸ್ವಂತ ಅನುಭವವನ್ನು ಹೇಳುವುದಕ್ಕೆ ಸಂಕೋಚವಾದರೂ ಪ್ರಸ್ತುತ ವಿಷಯಕ್ಕೆ ಅದು ಅಗತ್ಯ. ನಾವು ಕಲಿತದ್ದು ಮೂವತ್ತಾರು ಚಿತ್ರಗಳ ಸುರುಳಿಯ ಕಾಲದಲ್ಲಿ. ಉದಕಮಂಡಲದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಎಂಬ ಕಪ್ಪು-ಬಿಳುಪು ಫಿಲ್ಮು ನಮ್ಮ ಕೈಗೆ ಎಟಕುವಂತಿತ್ತು. ಆ ಕಾರ್ಖಾನೆ ಈಗ ಮುಚ್ಚಿದೆ. ಒಂದು ಶಾಸನಕ್ಕೆ ಎರಡು ಚಿತ್ರ, ಪ್ರತಿಯೊಂದಕ್ಕೂ ಟಿಪ್ಪಣಿ ಪುಸ್ತಕದಲ್ಲಿ ಒಂದು ಸಾಲು: ಸುರುಳಿ, ಸಂಖ್ಯೆ, ಹೊತ್ತು, ಬೆಳಕಿನ ದಿಕ್ಕು. ಮೊದಲ ಸಲ ಡಿಜಿಟಲ್ ಕ್ಯಾಮರಾ ಹಿಡಿದು ಸಾರನಾಥಕ್ಕೆ ಹೋದಾಗ ಪ್ರತಿ ಚಿತ್ರದ ನಂತರ ನಮ್ಮ ಹೆಬ್ಬೆರಳು ಇಲ್ಲದ ಸನ್ನೆಗೋಲನ್ನು ಹುಡುಕಿಕೊಂಡು ಹೋಗುತ್ತಿತ್ತು. ಅದು ನಗುವ ಮಾತು. ನಗಲಾಗದ ಮಾತೆಂದರೆ, ಇಡೀ ದಿನ ಸ್ಥಳದಲ್ಲಿದ್ದು ನಾವು ತಂದದ್ದು ಎಪ್ಪತ್ತು ಚಿತ್ರಗಳನ್ನು, ಅಂದರೆ ಎರಡು ಸುರುಳಿಗಳ ಲೆಕ್ಕ. ಕಾರ್ಡಿನಲ್ಲಿ ನೂರಾರು ಚಿತ್ರಗಳಿಗೆ ಜಾಗವಿತ್ತು. ಧಮೇಕ್ ಸ್ತೂಪದ ಎಂಟು ಮುಖಗಳ ಗೂಡುಗಳಲ್ಲಿ ಮೂರನ್ನು ಮಾತ್ರ ತೆಗೆದಿದ್ದೆವು. ಉಳಿದವು ಹಾಗೆಯೇ ಇರುತ್ತವೆಂದು ಬೆರಳು ತಾನೇ ತೀರ್ಮಾನಿಸಿತ್ತು.

ಎರಡನೆಯ ಸಲ ಅದಕ್ಕೆ ವಿರುದ್ಧವಾದ ತಪ್ಪು. ಸಾವಿರದ ಹತ್ತಿರ ಹತ್ತಿರ ಚಿತ್ರಗಳು, ಟಿಪ್ಪಣಿ ಮಾತ್ರ ಇಲ್ಲ. ದಿನ, ಹೊತ್ತುಗಳನ್ನು ಕ್ಯಾಮರಾವೇ ಬರೆದುಕೊಳ್ಳುತ್ತದೆಂಬ ಭರವಸೆಯಲ್ಲಿ ಪುಸ್ತಕ ತೆರೆದಿರಲಿಲ್ಲ. ಮನೆಗೆ ಬಂದು ನೋಡಿದರೆ, ಬ್ಯಾಟರಿ ಬದಲಿಸಿದಾಗ ಗಡಿಯಾರ ಮೊದಲಿನ ಸ್ಥಿತಿಗೆ ಹೋಗಿ, ಎಲ್ಲ ಚಿತ್ರಗಳೂ ಹಲವು ವರ್ಷ ಹಿಂದಿನ ಜನವರಿ ಒಂದರಂದು ಹುಟ್ಟಿದ್ದವು. ಇಟ್ಟಿಗೆ ಕಟ್ಟಡಗಳ ಬುಡದ ಚಿತ್ರಗಳಲ್ಲಿ ಯಾವುದು ಯಾವ ವಿಹಾರದ್ದೆಂಬುದನ್ನು ಗುರುತಿಸಲು ಮತ್ತೊಮ್ಮೆ ಹೋಗಬೇಕಾಯಿತು. ಸಿ.ಡಿ.ಯಲ್ಲಿ ತುಂಬಿಟ್ಟ ಒಂದು ಕಂತು ಹತ್ತು ವರ್ಷಗಳೊಳಗೆ ತೆರೆಯದಾಯಿತು. ನಮ್ಮ ಗಾಫಿಲತನದ ಈ ದಾಖಲೆಗಿಂತ ಓರ್ಟೆಲನ ಕಾಲದ ಗಾಜು ಹೆಚ್ಚು ಬಾಳಿಕೆಯದೆಂದು ಒಪ್ಪಿಕೊಳ್ಳದೆ ಗತ್ಯಂತರವಿಲ್ಲ.

ಹೊಸ ಸಲಕರಣೆಯಿಂದ ನಿಜವಾಗಿ ಲಾಭವಾದದ್ದು ಶಾಸನದ ಕೆಲಸದಲ್ಲಿ, ಅದೂ ಒಂದು ಹಳೆಯ ರೂಢಿಯನ್ನು ಬಿಟ್ಟ ಮೇಲೆ. ‘ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ಚಿತ್ರ ತೆಗೆ’ ಎಂಬ ಪೆಟ್ಟಿಗೆ ಕ್ಯಾಮರಾದ ಕಾಲದ ಪಾಠ ನಮ್ಮ ತಲೆಮಾರಿನವರ ಮೈಗೆ ಹತ್ತಿತ್ತು. ಎದುರು ಬೆಳಕಿನಲ್ಲಿ ಕೊರೆದ ಅಕ್ಷರ ಕಲ್ಲಿನ ಬಣ್ಣದಲ್ಲಿ ಕರಗಿಹೋಗುತ್ತದೆ. ಬೇಕಾದದ್ದು ಪಕ್ಕದಿಂದ ಕಲ್ಲನ್ನು ಸವರಿಕೊಂಡು ಬರುವ ಓರೆ ಬೆಳಕು. ೧೮೯೨ರಲ್ಲಿ ರೈಸ್ ಅವರಿಗೆ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳು ದೊರೆತ ಕಾಲದಿಂದಲೂ ಶಾಸನಜ್ಞರು ಕ್ಯಾಮರಾಕ್ಕಿಂತ ಪಡಿಯಚ್ಚನ್ನೇ ನಂಬಿದ್ದರಲ್ಲಿ ಅರ್ಥವಿತ್ತು. ಒದ್ದೆ ಕಾಗದವನ್ನು ಕುಂಚದಿಂದ ಬಡಿದು ಮಸಿ ಹಾಕಿದರೆ ಬೆಳಕಿನ ಹಂಗಿಲ್ಲ. ಆದರೆ ಪಡಿಯಚ್ಚು ಕೊರೆದ ಚುಕ್ಕೆಯನ್ನೂ ಕಲ್ಲಿನ ಸಹಜ ಗುಳಿಯನ್ನೂ ಒಂದೇ ರೀತಿ ಬಿಳಿಯಾಗಿ ತೋರಿಸುತ್ತದೆ. ಬ್ರಾಹ್ಮಿಯಲ್ಲಿ ಅನುಸ್ವಾರ ಒಂದು ಚುಕ್ಕೆ ಮಾತ್ರ. ಸಾರನಾಥದಲ್ಲಿ ಸೂರಿನಡಿ ಆವರಣದೊಳಗೆ ನಿಂತ ಅಶೋಕನ ಕಂಬದ ತುಣುಕಿಗೆ ಓರೆ ಬಿಸಿಲು ಬೀಳುವಂತಿಲ್ಲ, ಮೌರ್ಯರ ಆ ನಯಗೆಲಸದ ಹೊಳಪು ಎದುರಿನ ಬೆಳಕನ್ನೆಲ್ಲ ಹಿಂದಕ್ಕೆ ಎಸೆಯುತ್ತದೆ. ಬೆಳಕಿನ ದಿಕ್ಕನ್ನು ಬದಲಿಸಿ ಬದಲಿಸಿ ಒಂದೇ ಅಕ್ಷರವನ್ನು ಹತ್ತು ಸಲ ತೆಗೆದು, ಅಲ್ಲಿಯೇ ತೆರೆಯ ಮೇಲೆ ಹಿಗ್ಗಿಸಿ ನೋಡುವುದು ಫಿಲ್ಮಿನ ಕಾಲದಲ್ಲಿ ಊಹೆಗೂ ಮೀರಿದ ಮಾತು. ಕೊರೆದ ಚುಕ್ಕೆಯ ಅಂಚು ಯಾವ ಕಡೆಯಿಂದ ಬೆಳಕು ಬಂದರೂ ತೀಕ್ಷ್ಣ ನೆರಳು ಕೊಡುತ್ತದೆ. ಸವೆದ ಗುಳಿಯ ನೆರಳು ಮೆತ್ತಗೆ. ನಮ್ಮ ಊರಿನ ಸವೆದ ವೀರಗಲ್ಲುಗಳ ಪಟ್ಟಿಕೆಯ ಬರೆಹಗಳನ್ನು ಈಗ ಹೀಗೆಯೇ ಓದುತ್ತಿದ್ದೇವೆ, ಪಡಿಯಚ್ಚನ್ನು ಬಿಡದೆ.

ಕಡೆಯ ಭೇಟಿಯಲ್ಲಿ ಹಳೆಯ ವರದಿಯ ಒಂದು ಚಿತ್ರಪಟದ ಪ್ರತಿಯನ್ನು ಜೊತೆಗೆ ಒಯ್ದು ಅದನ್ನು ತೆಗೆದ ನಿಲುವನ್ನು ಹುಡುಕಿದೆವು. ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ೧೯೮೩ರಲ್ಲಿ ಹಂಪೆಯಲ್ಲಿ ಗ್ರೀನ್‌ಲಾ ನಿಂತ ಜಾಗಗಳಲ್ಲಿಯೇ ನಿಂತು ಮತ್ತೆ ಚಿತ್ರ ತೆಗೆದದ್ದು ನಮ್ಮ ಮನಸ್ಸಿನಲ್ಲಿತ್ತು. ಧಮೇಕ್ ಸ್ತೂಪದ ಅಂಚಿಗೂ ಮುಂದಿನ ಇಟ್ಟಿಗೆಯ ಬುಡಕ್ಕೂ ಇರುವ ಅಂತರವನ್ನು ಚಿತ್ರದೊಡನೆ ಹೋಲಿಸುತ್ತ ಹಿಂದೆ ಮುಂದೆ ಸರಿದು ಅರ್ಧ ಗಂಟೆ ಕಳೆದ ಮೇಲೆ ಜಾಗ ಸಿಕ್ಕಿತು. ಅಲ್ಲೀಗ ಮರ ಬೆಳೆದಿದೆ, ಸ್ತೂಪದ ಎಡಭಾಗ ಮುಚ್ಚಿಹೋಗುತ್ತದೆ. ಎರಡು ಹೆಜ್ಜೆ ಬಲಕ್ಕೆ ಸರಿದು ತೆಗೆದೆವು. ಸರಿದದ್ದನ್ನೂ ಹೊತ್ತನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೇವೆ. ಹೊರನಾಡುಗಳಲ್ಲಿರುವ ಸಂಶೋಧಕರ ಬಳಿ ೧೯೫೦ಕ್ಕಿಂತ ಹಿಂದಿನ ಐಹೊಳೆ, ಪಟ್ಟದಕಲ್ಲು, ಲಕ್ಕುಂಡಿಗಳ ಬಿಡಿ ಚಿತ್ರಗಳಿದ್ದರೆ, ಹಿಂಬದಿಯ ಬರೆಹವನ್ನು ಅಳಿಸದೆ, ಅಂಚು ಕತ್ತರಿಸದೆ, ಎರಡೂ ಬದಿಯ ಪ್ರತಿಯನ್ನು ಪೀಠಕ್ಕೆ ಕಳುಹಿಸಿಕೊಡಬೇಕೆಂದು ಕೋರುತ್ತೇವೆ. ಹೋಲಿಕೆಯ ಚಿತ್ರಗಳನ್ನು ತೆಗೆಯುವ ಕೆಲಸ ಐಹೊಳೆಯಿಂದ ಆರಂಭವಾಗಲಿದೆ.